ಸೂರಿನ ಕೆಳಗೊಂದು ಪೇಟೆ

ಪೇಟೆ ಎಂದರೆ ನಮಗೆ ಬೀದಿ. ತಲೆಯ ಮೇಲೆ ಆಕಾಶ, ಎರಡು ಮಗ್ಗುಲಲ್ಲೂ ಅಂಗಡಿಗಳ ಸಾಲು, ನಡುವೆ ಗಾಡಿ, ದನ, ಜನ. ಅಂಥ ಪೇಟೆಗಳಲ್ಲೇ ಅಲೆದಾಡಿ ಬೆಳೆದ ನಾನು ಮಗಳ ಮನೆಗೆಂದು ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಹೋಗಿದ್ದೆ. ಜನವರಿಯ ದಿನಗಳು, ಹೊರಗೆ ಮೊಣಕಾಲುದ್ದ ಹಿಮ. “ಅಪ್ಪ, ಬೆಳಗಿನ ವಾಕಿಂಗ್ ತಪ್ಪಿತೆಂದು ಕೊರಗಬೇಡಿ. ಒಳಗೇ ನಡೆಯುವ ಜಾಗವಿದೆ, ಬನ್ನಿ” ಎಂದು ಮಗಳು ನನ್ನನ್ನು ಕರೆದೊಯ್ದದ್ದು ಮಿನಿಯಾಪೊಲಿಸ್ ನಗರದ ಮಗ್ಗುಲ ಈಡೈನಾ ಊರಿನ ಸೌತ್‌ಡೇಲ್ ಎಂಬ ಮಾಲಿಗೆ. ಅಂಗಡಿಗಳಿನ್ನೂ ಬಾಗಿಲು ತೆರೆದಿರಲಿಲ್ಲ. ನನ್ನ ಪ್ರಾಯದ ಹತ್ತಾರು ಮಂದಿ ಹಗುರವಾದ ಬೂಟು ತೊಟ್ಟು, ಮುಚ್ಚಿದ ಅಂಗಡಿಗಳ ಮುಂದೆ ಸುತ್ತು ಹಾಕುತ್ತಿದ್ದರು. ಇಂದು ಜಗತ್ತಿನ ಊರೂರಿನಲ್ಲಿ ತಲೆಯೆತ್ತಿರುವ ಮಾಲುಗಳಿಗೆಲ್ಲ ಮೂಲಮಾದರಿಯಾದ ಕಟ್ಟಡದಲ್ಲಿ ನಾನು ನಿಂತಿರುವೆನೆಂದು ಆಗ ನನಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಅದರ ಕಥೆಯನ್ನು ಕೆದಕದೆ ಇರಲಾಗಲಿಲ್ಲ.

ಕಥೆ ಮೊದಲಾಗುವುದು ಅಮೆರಿಕದಲ್ಲಲ್ಲ, ವಿಯೆನ್ನಾದಲ್ಲಿ. 1903ರಲ್ಲಿ ಅಲ್ಲಿನ ಯಹೂದಿ ಮನೆತನವೊಂದರಲ್ಲಿ ವಿಕ್ಟರ್ ಗ್ರುಯೆನ್ ಹುಟ್ಟಿದ. ಕಲಿತದ್ದು ವಾಸ್ತುಶಿಲ್ಪ, ಸಂಜೆಯ ಹವ್ಯಾಸ, ರಾಜಕೀಯವನ್ನು ಲೇವಡಿ ಮಾಡುವ ಕಿರುನಾಟಕಗಳು. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ನುಂಗಿದಾಗ ಆತ ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಬಂದಿಳಿದ. ಅಂಗಡಿಗಳ ಮುಂಭಾಗವನ್ನು ಅಂದವಾಗಿ ರೂಪಿಸಿಕೊಡುವುದರಿಂದ ಅವನ ಹೊಸ ಬಾಳು ಆರಂಭವಾಯಿತು.

ಆದರೆ ಕಳೆದುಕೊಂಡ ಊರು ಅವನ ಮನಸ್ಸನ್ನು ಬಿಡಲಿಲ್ಲ. ಕಾಫಿ ಅಂಗಡಿಯ ಮುಂದೆ ಗಂಟೆಗಟ್ಟಲೆ ಕುಳಿತು ಹರಟುವ ಜನ, ಕಾಲುನಡಿಗೆಯಲ್ಲಿ ದಾಟಬಹುದಾದ ಚೌಕಗಳು: ಇದು ಅವನ ವಿಯೆನ್ನಾ. ಅಮೆರಿಕದಲ್ಲಿ ಅವನು ಕಂಡದ್ದೇನು? ಎರಡನೆಯ ಮಹಾಯುದ್ಧದ ತರುವಾಯ ಲಕ್ಷಾಂತರ ಕುಟುಂಬಗಳು ನಗರ ಬಿಟ್ಟು ಹೊರವಲಯದ ಹೊಸ ಬಡಾವಣೆಗಳಿಗೆ ಹೋಗುತ್ತಿದ್ದವು. ಅಲ್ಲಿ ಮನೆಯಿತ್ತು, ಹುಲ್ಲಿನ ಅಂಗಳವಿತ್ತು, ಕಾರಿತ್ತು. ಮನುಷ್ಯ ಮನುಷ್ಯನನ್ನು ಸಂಧಿಸುವ ತಾಣವಿರಲಿಲ್ಲ. ಆ ತಾಣವನ್ನು ತಾನು ಕಟ್ಟಿಕೊಡುವೆನೆಂದು ಗ್ರುಯೆನ್ ಹೊರಟ. ಹಣ ಹಾಕಲು ವರ್ತಕರು ಬೇಕು, ಆದ್ದರಿಂದ ಅಂಗಡಿ. ಅಂಗಡಿಯ ನೆಪದಲ್ಲಿ ಊರು. ಇದು ಅವನ ಲೆಕ್ಕಾಚಾರ.

1954ರಲ್ಲಿ ಡೆಟ್ರಾಯಿಟ್ ಬಳಿ ಆತ ಕಟ್ಟಿದ ನಾರ್ತ್‌ಲ್ಯಾಂಡ್ ಭಾರಿ ಯಶಸ್ಸು ಕಂಡಿತು. ಅದರ ಅಂಗಳಗಳಿಗೆ ಇನ್ನೂ ಮಾಡಿರಲಿಲ್ಲ. ಮಿನ್ನೆಸೋಟದ ಮಾತೇ ಬೇರೆ. ಚಳಿಗಾಲದ ಹಿಮ, ಬೇಸಗೆಯ ಧಗೆ ಎರಡೂ ಗಿರಾಕಿಯನ್ನು ಮನೆಯಲ್ಲೇ ಕೂರಿಸುತ್ತಿದ್ದವು. ಮಿನಿಯಾಪೊಲಿಸಿನ ದೊಡ್ಡ ವ್ಯಾಪಾರ ಮನೆತನ ಡೇಟನ್ ಅವರು ಈಡೈನಾದಲ್ಲಿ 463 ಎಕರೆ ನೆಲ ಪಡೆದು ಗ್ರುಯೆನ್‌ಗೆ ಕೆಲಸ ವಹಿಸಿದರು. ಮಿಲಾನ್ ನಗರದ ಗಾಜಿನ ಮಾಡಿನ ಅಂಗಡಿಬೀದಿಯನ್ನು ಬಲ್ಲ ಆತ ಇಡೀ ಪೇಟೆಯನ್ನೇ ಸೂರಿನಡಿ ತಂದ.

1956ರ ಅಕ್ಟೋಬರ್ 8ರಂದು ಸೌತ್‌ಡೇಲ್ ಬಾಗಿಲು ತೆರೆಯಿತು. ವೆಚ್ಚ 2 ಕೋಟಿ ಡಾಲರು, ಅಂಗಡಿಗಳು 72, ಸುತ್ತ 5,200 ಕಾರುಗಳಿಗೆ ಜಾಗ. ಮೊದಲ ದಿನವೇ ಸುಮಾರು 75,000 ಜನ ಬಂದರು. ಡೇಟನ್ ಅಂಗಡಿಯೂ ಅದರ ಪ್ರತಿಸ್ಪರ್ಧಿ ಡೊನಾಲ್ಡ್‌ಸನ್ ಅಂಗಡಿಯೂ ಒಂದೇ ಸೂರಿನಡಿ ನಿಂತದ್ದು ಆ ಕಾಲಕ್ಕೆ ಸೋಜಿಗ. ನಡುವೆ ಮೇಲಿನಿಂದ ಬೆಳಕು ಸುರಿಯುವ ವಿಶಾಲ ತೋಟದಂಗಳ: ಮರಗಿಡ, ಮೀನಿನ ಕೊಳ, ಎತ್ತರದ ಹಕ್ಕಿಪಂಜರ, ಶಿಲ್ಪಿ ಹ್ಯಾರಿ ಬರ್ಟೋಯಾ ಮಾಡಿದ ಹೊಂಬಣ್ಣದ ಲೋಹದ ಮರಗಳು. ವರ್ಷವಿಡೀ ಸುಮಾರು 24 ಡಿಗ್ರಿ ಸೆಲ್ಸಿಯಸ್ ಹಿತವಾದ ಹವೆ. ಸೊಬಗೆಲ್ಲ ಒಳಗೆ, ಹೊರಗಿನಿಂದ ನೋಡಿದರೆ ಕಿಟಕಿಯಿಲ್ಲದ ಗೋಡೆ.

ಹೊಗಳಿಕೆಯ ನಡುವೆ ಒಂದು ಅಪಸ್ವರವೂ ಕೇಳಿಸಿತು. ಅದೇ ನವೆಂಬರಿನಲ್ಲಿ ನೋಡಲು ಬಂದ ಹಿರಿಯ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್, ಇಲ್ಲಿ ಹಳ್ಳಿಯ ಬೀದಿಯ ಕೇಡುಗಳೆಲ್ಲ ಇವೆ, ಸೊಗಸು ಮಾತ್ರ ಇಲ್ಲವೆಂದು ಮೂದಲಿಸಿದ. ಅಂದು ಅದು ಮುದುಕನ ಮುನಿಸೆನಿಸಿರಬೇಕು.

ಗ್ರುಯೆನ್ ಬರೆದ ಪೂರ್ಣ ನಕ್ಷೆಯಲ್ಲಿ ಅಂಗಡಿ ಒಂದು ಭಾಗ ಮಾತ್ರ. ಸುತ್ತಲೂ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ, ಕೆರೆ ಎಲ್ಲ ಇದ್ದವು. ಮಾಲು ಬಂದೊಡನೆ ನೆಲದ ಬೆಲೆ ಏರಿತು. ನೆಲ ತುಂಡುತುಂಡಾಗಿ ಮಾರಾಟವಾಯಿತು. ಆಸ್ಪತ್ರೆಯೇನೋ 1965ರಲ್ಲಿ ಬಂತು. ಊರು ಬರಲಿಲ್ಲ, ಅಂಗಡಿಯೂ ಕಾರು ನಿಲ್ಲಿಸುವ ಡಾಂಬರಿನ ಬಯಲೂ ಉಳಿದವು.

ಸರ್ಕಾರದ ಎರಡು ಕ್ರಮಗಳು ಈ ಮಾದರಿಗೆ ನೀರೆರೆದವು. 1954ರ ತೆರಿಗೆ ಕಾನೂನು ಹೊಸ ಕಟ್ಟಡಗಳ ಸವಕಳಿಯನ್ನು ಬೇಗಬೇಗನೆ ಲೆಕ್ಕದಲ್ಲಿ ಕಳೆಯಲು ಅವಕಾಶ ಕೊಟ್ಟಿತು. ಹೊಸತನ್ನು ಕಟ್ಟುವುದು ಹಳೆಯದನ್ನು ಉಳಿಸುವುದಕ್ಕಿಂತ ಲಾಭದ ಕೆಲಸವಾಯಿತು. 1956ರ ಹೆದ್ದಾರಿ ಕಾನೂನು 41,000 ಮೈಲಿ ರಸ್ತೆಗೆ ದಾರಿಮಾಡಿತು. ಹೊಲಗಳ ನಡುವೆ ಮಾಲುಗಳು ಎದ್ದವು. ನಗರದ ನಡುವಿನ ಅಂಗಡಿಬೀದಿಗಳು ಸೊರಗಿದವು. ಊರಿಗೆ ಜೀವ ಕೊಡಲೆಂದು ಹುಟ್ಟಿದ್ದು ಊರಿನ ಜೀವವನ್ನೇ ಹೀರಿತು.

ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು: ಈ ಚೌಕ ಯಾರದು? ಈಡೈನಾದ ಕಂಟ್ರಿ ಕ್ಲಬ್ ಬಡಾವಣೆಯ 1924ರ ಕ್ರಯಪತ್ರಗಳು, ಮನೆಯಾಳಾಗಿಯಲ್ಲದೆ ಬಿಳಿಯರಲ್ಲದವರು ಅಲ್ಲಿ ವಾಸಿಸಕೂಡದೆಂದು ಕಟ್ಟು ಹಾಕಿದ್ದವು. ಅಂಥ ಹೊಸ ಕಟ್ಟುಗಳನ್ನು ಮಿನ್ನೆಸೋಟ ನಿಷೇಧಿಸಿದ್ದು 1953ರಲ್ಲಿ. ಕಾರಿಲ್ಲದವನಿಗೆ ದಾರಿ ಕಷ್ಟ, ಕಪ್ಪು ಮೈಯವನಿಗೆ ನೆರೆಹೊರೆಯೇ ಕಷ್ಟ: ಇಂಥ ಕಡೆ ಹುಟ್ಟಿದ ಚೌಕ ಸರ್ವರದು ಹೇಗಾದೀತು? ನ್ಯಾಯಾಲಯವೂ ಅದನ್ನು ಸ್ಪಷ್ಟಪಡಿಸಿತು. ಪೋರ್ಟ್‌ಲೆಂಡ್ ನಗರದ ಒಂದು ಮಾಲಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕರಪತ್ರ ಹಂಚಿದವರನ್ನು ತಡೆದ ಮೊಕದ್ದಮೆಯಲ್ಲಿ, ಮಾಲು ಖಾಸಗಿ ಸ್ವತ್ತು, ಒಡೆಯನು ಬೇಡವೆನ್ನಬಹುದೆಂದು 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ನಮ್ಮ ಸಂತೆಮಾಳದಲ್ಲಿ ಏನೂ ಕೊಳ್ಳದವನೂ ನಿಂತು ಜಗಳವಾಡಬಲ್ಲ. ಇಲ್ಲಿ ನಡೆಯಬಹುದು, ಕೊಳ್ಳಬಹುದು. ಮಾತನಾಡಲು ಅಪ್ಪಣೆ ಬೇಕು.

ಗ್ರುಯೆನ್ ಇದನ್ನೆಲ್ಲ ಕಣ್ಣಾರೆ ಕಂಡ. 1968ರಲ್ಲಿ ವಿಯೆನ್ನಾಕ್ಕೆ ಮರಳಿದ. ವಿಧಿಯ ಅಣಕವೆಂಬಂತೆ, 1976ರಲ್ಲಿ ಆ ನಗರದ ದಕ್ಷಿಣದಂಚಿನಲ್ಲೂ ದೈತ್ಯಾಕಾರದ ಮಾಲೊಂದು ತೆರೆಯಿತು. 1978ರಲ್ಲಿ ಲಂಡನ್ನಿನ ಭಾಷಣದಲ್ಲಿ ಆತ, ಈ ಅಕ್ರಮ ಸಂತಾನಕ್ಕೆ ತಾನು ಜೀವನಾಂಶ ಕೊಡಲೊಲ್ಲೆನೆಂಬ ಅರ್ಥದ ಮಾತಾಡಿದ. 1980ರಲ್ಲಿ ತೀರಿಕೊಂಡ.

ಸೌತ್‌ಡೇಲಿನ ವೈಭವವೂ ಮುಂದೆ ಕುಗ್ಗಿತು. 1992ರಲ್ಲಿ ಪಕ್ಕದ ಬ್ಲೂಮಿಂಗ್ಟನ್ನಿನಲ್ಲಿ ಮಾಲ್ ಆಫ್ ಅಮೆರಿಕ ತೆರೆಯಿತು. ಡೇಟನ್ ಹೆಸರು 2001ರಲ್ಲಿ ಅಂಗಡಿಯ ಹಲಗೆಯಿಂದ ಅಳಿಯಿತು. ಮಿನಿಯಾಪೊಲಿಸಿನ ನಟ್ಟನಡುವೆ ಇದ್ದ ಡೇಟನ್ನರ ಹಳೆಯ ಮಳಿಗೆ 2017ರಲ್ಲಿ ಮುಚ್ಚಿತು. ಅದೇ ವರ್ಷ ಸೌತ್‌ಡೇಲಿನ ಜೆ. ಸಿ. ಪೆನಿ ಅಂಗಡಿಯೂ ನಿಂತು, ಆ ಜಾಗದಲ್ಲಿ 2019ರಲ್ಲಿ ವ್ಯಾಯಾಮ ಕೇಂದ್ರ ಬಂತು. ಡಾಂಬರು ಬಯಲಿನ ಮೂಲೆಯಲ್ಲಿ ವಾಸದ ಮನೆಗಳು ಎದ್ದಿವೆ. ಅರ್ಧ ಶತಮಾನ ತಡವಾಗಿ, ಲಾಭದ ಒತ್ತಾಯದಿಂದ, ಹಳೆಯ ನಕ್ಷೆ ಅಷ್ಟಿಷ್ಟು ನಿಜವಾಗುತ್ತಿದೆ.

ಊರಿಗೆ ಹೊರಡುವ ಮುನ್ನಾದಿನ ಮತ್ತೊಮ್ಮೆ ಅಲ್ಲಿಗೆ ಹೋದೆ. ದಿನವೂ ಎದುರಾಗುತ್ತಿದ್ದ ವೃದ್ಧರೊಬ್ಬರು ನಿಂತು ನನ್ನ ಊರು ಕೇಳಿದರು. ಮೊಮ್ಮಕ್ಕಳ ಸುದ್ದಿ ಹೇಳಿದರು. ಇಬ್ಬರೂ ಬೆಂಚಿನ ಮೇಲೆ ಕುಳಿತೆವು. ಏನೂ ಕೊಳ್ಳಲಿಲ್ಲ. ಗ್ರುಯೆನ್ ಬಯಸಿದ್ದು ಇಷ್ಟನ್ನೇ ಅಲ್ಲವೆ? ಅಷ್ಟರಲ್ಲಿ ಅಂಗಡಿಗಳ ಬಾಗಿಲು ಒಂದೊಂದಾಗಿ ತೆರೆಯತೊಡಗಿದವು. ವೃದ್ಧರು ಗಡಿಯಾರ ನೋಡಿಕೊಂಡು ಎದ್ದರು. ಅವರ ಹಿಂದೆ ನಾನೂ ಎದ್ದೆ.