ತುಂಬಾದ ಇಗರ್ಜಿಯೂ ಮೈಸೂರಿನ ರಾಕೆಟ್ಟೂ

ಧನಗೆರೆಯನ್ನೊಳಗೊಂಡ ಕೊಳ್ಳೇಗಾಲ ಸೀಮೆಯು 1799ರವರೆಗೆ ಟಿಪ್ಪುಸುಲ್ತಾನನ ಆಳ್ವಿಕೆಗೆ ಒಳಪಟ್ಟಿತ್ತು. ಶ್ರೀರಂಗಪಟ್ಟಣದ ಪತನಾನಂತರ ಕಂಪನಿಯ ವಶವಾಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ ಈ ನೆಲ 1956ರಲ್ಲಿ ಮೈಸೂರು ರಾಜ್ಯಕ್ಕೆ ಮರಳಿತು. ಗಡಿಗಳು ಬದಲಾದಾಗ ಊರುಗಳಷ್ಟೇ ಅಲ್ಲ, ವಿದ್ಯೆಗಳೂ ಕೈ ಬದಲಾಯಿಸುತ್ತವೆ. ಮೈಸೂರಿನ ರಾಕೆಟ್ಟು ಅಂತಹ ಒಂದು ವಿದ್ಯೆ. ಅದರ ಮುಂದಿನ ಕಥೆಯನ್ನು ಅರಿಯಬೇಕಾದರೆ ತಿರುವನಂತಪುರದ ಬಳಿಯ ತುಂಬಾ ಎಂಬ ಕಡಲತೀರದ ಇಗರ್ಜಿಯೊಂದನ್ನು ಹೊಗಬೇಕು.

ಸಂತ ಮೇರಿ ಮಗ್ದಲೇನಳ ಹೆಸರಿನ ಆ ಇಗರ್ಜಿ ಇಂದು ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ವಸ್ತುಸಂಗ್ರಹಾಲಯ. ಪ್ರಾರ್ಥನೆ ನಡೆಯುತ್ತಿದ್ದೆಡೆಯಲ್ಲಿ ರಾಕೆಟ್ಟುಗಳ, ಉಪಗ್ರಹಗಳ ಮಾದರಿಗಳು ನಿಂತಿವೆ. ಭೂಮಿಯ ಕಾಂತೀಯ ಸಮಭಾಜಕ ವೃತ್ತವು ತುಂಬಾದ ಸಮೀಪವೇ ಹಾಯ್ದುಹೋಗುತ್ತಿದ್ದುದರಿಂದ ಮೇಲ್ವಾಯುಮಂಡಲದ ಅಧ್ಯಯನಕ್ಕೆ ಸಾರಾಭಾಯಿಯವರು ಆ ಸ್ಥಳವನ್ನು ಆಯ್ದರು. ಅಲ್ಲಿದ್ದುದು ಮೀನುಗಾರರ ಹಳ್ಳಿ. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ಭಕ್ತರ ಒಪ್ಪಿಗೆ ಪಡೆದು ಇಗರ್ಜಿಯನ್ನು ಬಿಟ್ಟುಕೊಟ್ಟರು. ಹಳ್ಳಿ ಬೇರೆಡೆಗೆ ಸಾಗಿತು. ಪ್ರಾರ್ಥನಾಮಂದಿರವೇ ತಮ್ಮ ಮೊದಲ ಪ್ರಯೋಗಶಾಲೆಯಾಯಿತೆಂದೂ ಬಿಷಪ್ಪರ ಕೋಣೆ ವಿನ್ಯಾಸದ ಕಚೇರಿಯಾಯಿತೆಂದೂ ಅಬ್ದುಲ್ ಕಲಾಂ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಇಗರ್ಜಿಯ ಕಟ್ಟಡದಲ್ಲಿ ಜೋಡಿಸಲಾದ ನೈಕ್-ಅಪಾಚೆ ರಾಕೆಟ್ಟು 1963ರ ನವೆಂಬರ್ 21ರ ಸಂಜೆ ಆಗಸಕ್ಕೇರಿತು.

ಅದು ಅಮೆರಿಕದಿಂದ ತಂದ ರಾಕೆಟ್ಟು. ಆದರೆ ತರಬೇತಿಗೆಂದು ಅಮೆರಿಕದ ವಾಲಪ್ಸ್ ಕೇಂದ್ರಕ್ಕೆ ಹೋಗಿದ್ದ ಕಲಾಂ ಅಲ್ಲಿನ ಗೋಡೆಯ ಮೇಲೆ ಕಂಡದ್ದು ಬ್ರಿಟಿಷರ ವಿರುದ್ಧ ರಾಕೆಟ್ಟು ಹಾರಿಸುತ್ತಿರುವ ಟಿಪ್ಪುವಿನ ಸೈನಿಕರ ಚಿತ್ರವನ್ನು! ತಾಯ್ನಾಡು ಮರೆತದ್ದನ್ನು ಪರದೇಶ ನೆನಪಿಟ್ಟುಕೊಂಡಿತ್ತು.

ಮೈಸೂರಿನವರ ಹೆಚ್ಚುಗಾರಿಕೆ ಇದ್ದುದು ಕಬ್ಬಿಣದ ಕೊಳವೆಯಲ್ಲಿ. ಕಾಗದದ ಅಥವಾ ಬಿದಿರಿನ ಕೊಳವೆ ತಾಳಲಾರದ ಒತ್ತಡವನ್ನು ಅದು ತಾಳುತ್ತಿತ್ತು. ಆದ್ದರಿಂದ ಮದ್ದನ್ನು ಗಟ್ಟಿಯಾಗಿ ತುಂಬಬಹುದಿತ್ತು, ದೂರ ಹೆಚ್ಚುತ್ತಿತ್ತು. ಕಟ್ಟಿದ ಬಿದಿರುಗಳುವು ಹಾರಾಟಕ್ಕೆ ಸ್ಥಿರತೆ ಕೊಡುತ್ತಿತ್ತು. 1780ರ ಪೊಳ್ಳಿಲೂರು ಕದನದಲ್ಲಿ ಹೈದರನ ಸೇನೆ ಇವನ್ನು ಬಳಸಿತು. 1799ರ ಬಳಿಕ ಇಂಗ್ಲೆಂಡಿಗೆ ಸಾಗಿದ ಮಾದರಿಗಳನ್ನು ಆಧರಿಸಿ ವಿಲಿಯಂ ಕಾಂಗ್ರೀವ್ ವುಲ್ವಿಚ್‌ನಲ್ಲಿ ಪ್ರಯೋಗ ನಡೆಸಿದ. ಅಳೆದ, ತೂಗಿದ, ಪುಸ್ತಕ ಬರೆದ. ರಾಕೆಟ್ಟಿಗೆ ಅವನ ಹೆಸರು ನಿಂತಿತು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ 1985ರ ತಮ್ಮ ಪ್ರಬಂಧದಲ್ಲಿ ಮೈಸೂರು ಮತ್ತು ಬ್ರಿಟನ್ನುಗಳ ರಾಕೆಟ್ಟುಗಳನ್ನು ಹೋಲಿಸಿದರು. ಕೈಕಸುಬು ಎಷ್ಟೇ ಉನ್ನತವಾಗಿದ್ದರೂ ಅದು ಬರಹಕ್ಕೂ ಗಣಿತಕ್ಕೂ ಇಳಿಯದಿದ್ದರೆ ಕಸುಬುದಾರನೊಡನೆಯೇ ಮುಗಿಯುತ್ತದೆ ಎಂಬ ಸತ್ಯ ಆ ಹೋಲಿಕೆಯಿಂದ ಹೊಳೆಯುತ್ತದೆ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರ ಕೆಸರಿನಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಎರಡು ಶತಮಾನಗಳಿಗೂ ಮಿಗಿಲಾಗಿ ಅವುಗಳಿಗೆ ದೊರೆತ ಸಂಗ್ರಹಾಲಯವೆಂದರೆ ಆ ಬಾವಿಯೇ.

ಬೆಂಗಳೂರಿನಲ್ಲಿ 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದಲ್ಲಿ ಮಕ್ಕಳು ಗುಂಡಿ ಒತ್ತಿ, ಹಿಡಿ ತಿರುಗಿಸಿ ಯಂತ್ರದ ಗುಟ್ಟನ್ನು ಕೈಯಾರೆ ಅರಿಯುತ್ತಾರೆ. ಹೇಗೆ ನಡೆಯುತ್ತದೆಂಬುದನ್ನು ಅಲ್ಲಿನ ಯಂತ್ರಗಳು ಕಲಿಸುತ್ತವೆ. ಯಾರು ಮಾಡಿದರು, ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಕಲಿಸಬೇಕಾದುದು ಚರಿತ್ರೆ. ಮೈಸೂರಿನ ಕೊಳವೆ ಬಡಿದ ಕಮ್ಮಾರನೂ ತುಂಬಾದಲ್ಲಿ ದೇವರ ಮನೆಯನ್ನೇ ತೆರವು ಮಾಡಿಕೊಟ್ಟ ಮೀನುಗಾರನೂ ಒಂದೇ ಕಥೆಯ ಇಬ್ಬರು ಅನಾಮಿಕರು. ಮೊದಲನೆಯವನ ಹೆಸರನ್ನು ಇನ್ನು ಹುಡುಕುವುದು ಕಷ್ಟ. ಎರಡನೆಯವನ ಮಕ್ಕಳು ಮೊಮ್ಮಕ್ಕಳು ಇನ್ನೂ ಅದೇ ಕಡಲಂಚಿನಲ್ಲಿರುವಾಗಲೇ ಅವರ ನೆನಪುಗಳನ್ನು ಬರೆದಿಡುವುದು ಸಂಶೋಧಕರಿಂದ ಆಗಬೇಕಾದ ಕೆಲಸ.