ಹಬೆ ಕಂಡ ಮೇಲೂ ‘ಹಸಿ’ ಬಾದಾಮಿ

ಇವತ್ತು ಒಂದು ಪದದ ಚರಿತ್ರೆ ಹೇಳ್ತೀನಿ: ‘ರಾ’. ಅಂದ್ರೆ ಹಸಿ, ಬಿಸಿ ತಾಗದ್ದು. ಅಮೆರಿಕದಲ್ಲಿ ಬಾದಾಮಿ ಪೊಟ್ಟಣದ ಮೇಲೆ ಈ ಪದ ಇರುತ್ತೆ. ಒಳಗಿನ ಬಾದಾಮಿ ಮಾತ್ರ ಹಬೆಯನ್ನೋ ಅನಿಲವನ್ನೋ ಕಂಡು ಬಂದಿರಬಹುದು.

ಶುರುವಾಗಿದ್ದು ಕಾಯಿಲೆಯಿಂದ. 2000–01ರಲ್ಲಿ ಕ್ಯಾಲಿಫೋರ್ನಿಯಾದ ಹಸಿ ಬಾದಾಮಿಯಿಂದ ಕೆನಡಾ, ಅಮೆರಿಕಗಳಲ್ಲಿ 168 ಜನರಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿತು. 2003–04ರಲ್ಲಿ ಮತ್ತೆ 29 ಜನರಿಗೆ. ಮರ ಅಲ್ಲಾಡಿಸಿ ಕಾಯಿ ಕೆಡವಿ, ನೆಲದ ಮೇಲೇ ಒಣಗಿಸಿ, ಗುಡಿಸಿಕೊಳ್ಳೋದು ಅಲ್ಲಿನ ಪದ್ಧತಿ. ಮಣ್ಣಿನ ರೋಗಾಣು ಅಂಟೋದಕ್ಕೆ ಅಷ್ಟು ಸಾಕು.

ಬಾದಾಮಿ ಮಂಡಳಿಯ ಶಿಫಾರಸಿನಂತೆ ಕೃಷಿ ಇಲಾಖೆ 2007ರ ಸೆಪ್ಟೆಂಬರ್ 1ರಿಂದ ಪಾಶ್ಚರೀಕರಣ ಕಡ್ಡಾಯ ಮಾಡಿತು. ಹುರಿಯಬಹುದು, ಬಿಸಿನೀರಲ್ಲಿ ಅದ್ದಬಹುದು, ಹಬೆ ಕೊಡಬಹುದು, ಇಲ್ಲವೇ ಪ್ರೊಪಿಲೀನ್ ಆಕ್ಸೈಡ್ ಅನಿಲ ಹಾಯಿಸಬಹುದು. 10,000 ರೋಗಾಣುಗಳಲ್ಲಿ 9,999 ಸಾಯಬೇಕು, ಇದು ಲೆಕ್ಕ. ಈ ಅನಿಲದ ಬಳಕೆಗೆ ಐರೋಪ್ಯ ಒಕ್ಕೂಟದಲ್ಲಿ ಅನುಮತಿಯಿಲ್ಲ.

ರೋಗಾಣು ಕೊಲ್ಲೋದಕ್ಕೆ ನನ್ನ ತಕರಾರಿಲ್ಲ. ತಕರಾರು ಚೀಟಿಯ ಬಗ್ಗೆ. ಹಬೆ, ಅನಿಲ ಕಂಡ ಬಾದಾಮಿಯನ್ನೂ ‘ರಾ’ ಅಂತಲೇ ಮಾರಬಹುದು. ಏನು ಮಾಡಿದ್ದೀವಿ ಅಂತ ಬರೆಯಬೇಕಾಗಿಲ್ಲ. ಅತ್ತ ನಿಜವಾದ ಹಸಿ ಬಾದಾಮಿ ಮಾರ್ತಿದ್ದ ಸಣ್ಣ ಬೆಳೆಗಾರರು ಅಂಗಡಿಗಳ ಮಾರುಕಟ್ಟೆ ಕಳಕೊಂಡರು. ಸ್ಪೇನ್, ಇಟಲಿಯಿಂದ ಬರೋ ಬಾದಾಮಿಗೆ ಈ ನಿಯಮವೇ ಇಲ್ಲ! ಕೆಲವರು 2008ರಲ್ಲಿ ಕೋರ್ಟಿಗೆ ಹೋದರು. 2013ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸೋತರು. ಕಾರಣ? ನಿಯಮ ರೂಪುಗೊಳ್ಳುವಾಗಲೇ ನೀವು ಈ ಆಕ್ಷೇಪ ಎತ್ತಬೇಕಿತ್ತು ಅಂತ.

ನಮಗೇನು ಸಂಬಂಧ ಅಂತೀರಾ? ಭಾರತ ಕ್ಯಾಲಿಫೋರ್ನಿಯಾ ಬಾದಾಮಿಯ ದೊಡ್ಡ ಗಿರಾಕಿ. ಅಮೆರಿಕ, ಕೆನಡಾ, ಮೆಕ್ಸಿಕೊ ಬಿಟ್ಟು ಬೇರೆ ದೇಶಕ್ಕೆ ಹೋಗೋ ಸರಕಿಗೆ ಈ ಕಡ್ಡಾಯವಿಲ್ಲ. ಆದರೆ ಆ ಡಬ್ಬಗಳ ಮೇಲೆ ‘ಪಾಶ್ಚರೀಕರಿಸಿಲ್ಲ’ ಅಂತ ಬರೆದಿರಬೇಕು. ಅಂದ್ರೆ ವ್ಯಾಪಾರಿಗೆ ನಿಜ ಹೇಳೋಕೆ ಚೀಟಿ ಇದೆ, ತಿನ್ನೋವ್ರಿಗೆ ಇಲ್ಲ.

ನಮ್ಮ ಗೇರುಬೀಜವೂ ಅಷ್ಟೆ. ಅದರ ಚಿಪ್ಪಿನ ಎಣ್ಣೆ ಕೈ ಸುಡುತ್ತೆ. ಅದಕ್ಕೇ ಮಂಗಳೂರು ಕಡೆಯ ಕಾರ್ಖಾನೆಗಳಲ್ಲಿ ಹಬೆಯಲ್ಲಿ ಬೇಯಿಸಿ ಒಡೀತಾರೆ. ಮುಂಬೈಯಲ್ಲೋ ಪುಣೆಯಲ್ಲೋ ನಾವು ಅದನ್ನೇ ‘ರಾ ಕ್ಯಾಶ್ಯೂ’ ಅಂತ ಕೊಳ್ತೀವಿ.

‘ಹಬೆ ಕೊಟ್ಟಿದೆ’ ಅಂತ ಎರಡು ಪದ ಅಚ್ಚು ಹಾಕಿದ್ರೆ ಯಾರ ಗಂಟೂ ಹೋಗಲ್ಲ. ತಿನ್ನೋದೋ ಬಿಡೋದೋ, ಆಮೇಲೆ ತಿನ್ನೋವ್ರು ತೀರ್ಮಾನ ಮಾಡ್ತಾರೆ.