ಒಂದೇ ಮೀನಿನ ಎರಡು ಹೆಸರುಗಳು

ಆಳಗಡಲಿನ ಬ್ರೀಮ್ ಮೀನೊಂದನ್ನು ಡೆನ್ಮಾರ್ಕಿನ ಬ್ರೂನಿಕ್ ಪಂಡಿತನು ಮಾರ್ಸೇಲ್ಸ್ ಪಟ್ಟಣದ ಮೀನುಗಳನ್ನು ಕುರಿತ ತನ್ನ 1768ರ ಲ್ಯಾಟಿನ್ ಗ್ರಂಥದಲ್ಲಿ ‘ಸ್ಪಾರಸ್ ಬೊಗರಾವೆಯೊ’ ಎಂದು ಹೆಸರಿಸಿದನು. 1809ರಲ್ಲಿ ದೆಲಾರೋಷನು ಬೆಲಿಯಾರಿಕ್ ದ್ವೀಪಗಳ ಮೀನುಗಳನ್ನು ವರ್ಣಿಸುತ್ತ ‘ಸೆಂಟ್ರೊಡಾಂಟಸ್’ ಎಂಬ ಬೇರೊಂದು ಜಾತಿಯನ್ನು ಹೇಳಿದನು. ಇವೆರಡೂ ಬಹುಕಾಲ ಭಿನ್ನವೆಂದೇ ಎಣಿಸಲ್ಪಟ್ಟವು. ಭೇದಲಕ್ಷಣಗಳಲ್ಲಿ ಎದ್ದುಕಾಣುವುದು, ಪಾರ್ಶ್ವರೇಖೆಯು ಮೊದಲಾಗುವೆಡೆಯ ಕಪ್ಪು ಬೊಟ್ಟು. ಆದರೆ ಈ ಬೊಟ್ಟು ಮರಿಗಳಲ್ಲಿ ಎಷ್ಟೋ ವೇಳೆ ಇರುವುದೇ ಇಲ್ಲ. ಮೀನು ಬೆಳೆದಂತೆ ಮೂಡುವುದು. ಮೇಲಾಗಿ ಮರಿಗಳಿರುವುದು ದಡದ ಬಳಿ, ಬೆಳೆದವು ನೂರಾರು ಮೀಟರ್ ಆಳದಲ್ಲಿ. ಹೀಗಾಗಿ ವಯೋಭೇದವೇ ಜಾತಿಭೇದವೆನಿಸಿತು (ಕರುವನ್ನೂ ಹಸುವನ್ನೂ ಬೇರೆ ಪ್ರಾಣಿಗಳೆಂದಂತೆ). ಪೂರ್ವನಾಮವೇ ಗ್ರಾಹ್ಯವೆಂಬ ನಿಯಮದಂತೆ ಇಂದು ‘ಬೊಗರಾವೆಯೊ’ ಎಂಬುದೇ ಉಳಿದಿದೆ. ಕುಲನಾಮವು ಮಾತ್ರ ‘ಪ್ಯಾಜೆಲಸ್’ ಆಗಿದೆ.